ಮನೆಯವರು ಯಾರೂ ಇಲ್ಲದ ಎಂಟು ತಿಂಗಳು

ನನ್ನ ಸೋದರತ್ತೆಗೆ ಕಚೇರಿಯಲ್ಲಿ ಧೂಳತ್ತೆ ಎಂದು ಹೆಸರು. ಇಟ್ಟವಳು ನಾನಲ್ಲ, ಹಬ್ಬಿಸಿದವಳು ಮಾತ್ರ ನಾನೇ. ಮೂವತ್ತನಾಲ್ಕು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಮೈಕ್ರೋಸ್ಕೋಪಿನ ಮುಂದೆ ಕೂತು ಅವಳು ಎಣಿಸಿದ್ದು ಗಿಡಮರಗಳ ಧೂಳನ್ನು, ಅಂದರೆ ಪರಾಗವನ್ನು. ಅದೂ ಇವತ್ತಿನ ಗಿಡಗಳದ್ದಲ್ಲ, ಮನುಷ್ಯರು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಸತ್ತುಹೋದವುಗಳದ್ದು. ಬಲಗೈ ಸ್ಲೈಡ್ ಸರಿಸುವ ತಿರುಪಿನ ಮೇಲೆ, ಎಡಗೈ ಎಣಿಕೆ ಪೆಟ್ಟಿಗೆಯ ಗುಂಡಿಗಳ ಮೇಲೆ. ಬಸ್ಸಿನಲ್ಲಿ ಕೂತರೂ ಆ ಎಡಗೈ ಬೆರಳುಗಳು ಮಡಿಲಲ್ಲಿ ಆಡುತ್ತಲೇ ಇರುತ್ತಿದ್ದವು. ಯಾಕತ್ತೆ ಎಂದರೆ, "ಕನ್ನಡಕದವರು ಹನ್ನೊಂದು, ಇಲ್ಲದವರು ಇಪ್ಪತ್ತೇಳು" ಎನ್ನುತ್ತಿದ್ದಳು.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಕಚೇರಿಯ ಹಿಂದಿನ ಕೋಣೆಯ ಕೆಲಸ ಕೊಡಿಸಿದವಳೂ ಅವಳೇ. ನನ್ನ ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಯಾವುದೋ ಕಾಲದಲ್ಲಿ ಸರೋವರವಾಗಿದ್ದ ಜಾಗದಲ್ಲಿ ಕೊರೆದು ತೆಗೆದ ಕಲ್ಲಾದ ಕೆಸರು ಉದ್ದುದ್ದ ಕೊಳವೆಗಳಲ್ಲಿ ಬರುತ್ತದೆ. ಬೆರಳಗಲ ತುಂಡು ಕತ್ತರಿಸಿ, ಆಸಿಡ್‌ನಲ್ಲಿ ಕರಗಿಸಿ, ಜರಡಿ ಹಿಡಿಯಬೇಕು. ಕಲ್ಲು ಕರಗುತ್ತದೆ, ಧೂಳಿನ ಕಣ ಕರಗುವುದಿಲ್ಲ. ಅದರ ಸಿಪ್ಪೆ ಅಷ್ಟು ಗಟ್ಟಿ.

ಪ್ರತಿ ತುಂಡಿಗೂ ನಾನು ಒಂದು ಮಾತ್ರೆ ಹಾಕುತ್ತಿದ್ದೆ. ನೆಲದ ಮೇಲೆ ಹಬ್ಬುವ ಒಂದು ಸಣ್ಣ ಪಾಚಿಯಂಥ ಗಿಡದ ಬೀಜಕಣಗಳು ಅದರಲ್ಲಿ ಇಂತಿಷ್ಟೇ ಎಂದು ಎಣಿಸಿ ತುಂಬಿರುತ್ತವೆ. ಹಳೆಯ ಕಣಗಳ ಜೊತೆ ಇವೆಷ್ಟು ಕಂಡವು ಎಂಬುದರಿಂದ ಉಳಿದ ಲೆಕ್ಕ ತೆಗೆಯುತ್ತಾರೆ. ಹೊರಗಿನಿಂದ ಬಂದವೆಂದು ಇವಕ್ಕೆ ನಾವು ನೆಂಟರು ಎನ್ನುತ್ತಿದ್ದೆವು. ಹಾಳೆಯಲ್ಲೂ ಹಾಗೇ ಬರೆದಿತ್ತು: ಒಂದು ಕಡೆ ಮನೆಯವರು, ಇನ್ನೊಂದು ಕಡೆ ನೆಂಟರು.

ಇನ್ನೊಂದು ಕಟ್ಟುಪಾಡು. ಸ್ಲೈಡ್ ಮಾಡಿದವರು ನೋಡುವಂತಿಲ್ಲ, ನೋಡುವವರು ಮಾಡುವಂತಿಲ್ಲ. ತಾನು ಮಾಡಿದ್ದರಲ್ಲಿ ತನಗೆ ಬೇಕಾದ್ದೇ ಕಾಣುತ್ತದೆ ಎಂದು ನಮ್ಮ ಕಚೇರಿಯ ಮುಖ್ಯಸ್ಥೆ ಮೇಡಂ ಹೇಳುತ್ತಿದ್ದರು. ಹದಿನೈದು ವರ್ಷ ನಾನು ಮೈಕ್ರೋಸ್ಕೋಪಿನ ಮುಂದಿನ ಆ ಕುರ್ಚಿಯಲ್ಲಿ ಕೂತಿರಲಿಲ್ಲ.

ಆ ಸರೋವರವನ್ನು ಅತ್ತೆ ತಳದಿಂದ ಮೇಲಕ್ಕೆ ಎಣಿಸಿಕೊಂಡು ಬಂದಳು. ತಳದಲ್ಲಿ ಬಿಸಿಯಾದ, ದಟ್ಟ ಕಾಡು. ಆಮೇಲೆ ನೀರಿನ ಮೇಲೆ ತೇಲುವ ಒಂದು ಜರಿಗಿಡ ಬಂತು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಅದು ಬಿಟ್ಟು ಬೇರೇನೂ ಇಲ್ಲ. ಅಂಥ ಎಷ್ಟೋ ಸರೋವರಗಳನ್ನು ಅದು ದಡದಿಂದ ದಡಕ್ಕೆ ಮುಚ್ಚಿತಂತೆ. ಬೆಳೆದದ್ದು ಸತ್ತು ಮುಳುಗಿತು, ಮುಳುಗುವಾಗ ಗಾಳಿಯಲ್ಲಿ ಬಿಸಿಯನ್ನು ಹಿಡಿದಿಡುವ ಅಂಶವನ್ನೂ ಎಳೆದುಕೊಂಡು ತಳಕ್ಕೆ ಹೋಯಿತು. ಹಾಗೆ ಲಕ್ಷಾಂತರ ವರ್ಷ. ಲೋಕ ತಣ್ಣಗಾಯಿತು. ತಣ್ಣಗೆ ಮಾಡಿದ ಗಿಡಕ್ಕೇ ಆ ಚಳಿ ತಡೆಯಲಾಗಲಿಲ್ಲ.

"ಹವೆ ಗಿಡಗಳನ್ನ ಬೆಳೆಸತ್ತೆ, ಸಾಯಿಸತ್ತೆ ಅಂದ್ಕೊಂಡಿದ್ದೆ" ಎಂದಳು ಅತ್ತೆ, ಒಂದು ಸಂಜೆ ಊಟಕ್ಕೆ ಕೂತಾಗ. "ಇಲ್ಲಿ ಯಾರೂ ಬಂದು ಕೊಲ್ಲಲಿಲ್ಲ ಕಣೇ. ಚೆನ್ನಾಗಿ ಬೆಳೆದೇ ಸತ್ತವು."

"ಅನ್ನ ಆರ್ತಾ ಇದೆ, ಊಟ ಮಾಡು" ಎಂದೆ.

ಅಲ್ಲಿಂದ ಮೇಲೆ ಖಾಲಿ. ಮಂಜುಗಡ್ಡೆ ಮುಚ್ಚಿದ ಕಾಲ ಎಂದರು ಮೇಡಂ. ಒಂದು ಸ್ಲೈಡ್‌ಗೆ ಒಂದು ದಿನ. ಎಂಟು ತಿಂಗಳು ಅತ್ತೆ ಖಾಲಿ ಗಾಜನ್ನು ನೋಡಿದಳು. ದಿನಾ ಸಂಜೆ ಹಾಳೆ ನನ್ನ ಮೇಜಿಗೆ ಬರುತ್ತಿತ್ತು. ನೆಂಟರು ಹತ್ತೊಂಬತ್ತು, ಮನೆಯವರು ಸೊನ್ನೆ. ನೆಂಟರು ಇಪ್ಪತ್ತು, ಮನೆಯವರು ಸೊನ್ನೆ. ಹಾಳೆ ಫೈಲಿಗೆ ಸೇರಿಸುವಾಗ ನನಗೆ ಒಂಥರಾ ಆಗುತ್ತಿತ್ತು. ಪಾಳುಬಿದ್ದ ಮನೆಗೆ ನಾವೇ ದಿನವೂ ನೆಂಟರನ್ನು ಕಳಿಸುತ್ತಿದ್ದೇವೆ, ಕರೆದು ಕೂರಿಸಲು ಒಳಗೆ ಯಾರೂ ಇಲ್ಲ.

ಆ ತಿಂಗಳುಗಳಲ್ಲಿ ಅತ್ತೆಯ ಮಾತು ಕಡಿಮೆಯಾಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದಳು. ಎರಡು ಸಲ ಬೇರೆ ಬಸ್ಸು ಹತ್ತಿ ಎಲ್ಲೋ ಇಳಿದು ನಡೆದುಕೊಂಡು ಬಂದಳು. ನನ್ನ ತಲೆಗೆ ಹುಳ ಹೊಕ್ಕಿತು. ಲೋಕವೇ ಖಾಲಿಯಾಗಿತ್ತೋ, ಅತ್ತೆಯ ಕಣ್ಣೇ ಖಾಲಿಯಾಯಿತೋ? ಕಣ್ಣು ಹೋಗಿದ್ದರೆ ಎಂಟು ತಿಂಗಳ ಕೆಲಸ ನೀರಿಗೆ. ಆ ಕುರ್ಚಿ ಹೋದರೆ ಅವಳಿಗೆ ಬೇರೇನಿದೆ? ನೇರವಾಗಿ ಕೇಳುವ ಧೈರ್ಯ ನನಗಿರಲಿಲ್ಲ. ಬೈದರೆ ಅತ್ತೆ ಒಂದು ವಾರ ಬಿಡುವವಳಲ್ಲ.

ಕಳ್ಳದಾರಿ ಹಿಡಿದೆ. ಒಂದು ಸೋಮವಾರದಿಂದ ಮಾತ್ರೆ ಹಾಕುವುದನ್ನು ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ. ಕಣ್ಣು ಸರಿಯಿದ್ದರೆ ಸಂಜೆಯೊಳಗೆ ಬಂದು ನೆಂಟರು ಎಲ್ಲೇ ಎಂದು ಜಗಳ ತೆಗೆಯುತ್ತಾಳೆ, ನಾನು ಬೈಸಿಕೊಂಡು ನೆಮ್ಮದಿಯಾಗಿರುತ್ತೇನೆ. ಇದು ನನ್ನ ಲೆಕ್ಕ.

ಸಂಜೆ ಹಾಳೆ ಬಂತು. ನೆಂಟರು ಐದು.

ಮಂಗಳವಾರ ಎಂಟು. ಬುಧವಾರ ಹನ್ನೆರಡು. ನಾನು ಯಾರನ್ನೂ ಕಳಿಸಿರಲಿಲ್ಲ.

"ನೆಂಟರು ಕಡಿಮೆ ಆಗಿದಾರಲ್ಲೇ, ಮಾತ್ರೆ ಹಳೇದಾ?" ಎಂದಳು ಅತ್ತೆ, ಚೀಲ ಹೆಗಲಿಗೇರಿಸುತ್ತ. "ಬಡಕಲಾಗಿಯೂ ಇದಾವೆ. ಯಾರೋ ಮೇಲೆ ಕೂತು ಅಪ್ಪಚ್ಚಿ ಮಾಡಿದ ಹಾಗೆ."

"ಇರಬಹುದು" ಎಂದೆ. ಪಕ್ಕದಲ್ಲಿ ನಡೆಯುತ್ತಿದ್ದ ಅವಳನ್ನು ನೋಡಲು ಹೆದರಿಕೆಯಾಯಿತು. ಸಾಕಿದವಳ ಬಗ್ಗೆ ಹೀಗೆ ಹೇಳಬಾರದು, ಆದರೆ ಹೆದರಿಕೆಯೇ ಆದದ್ದು. ಇಲ್ಲದ್ದನ್ನು ಕಂಡು, ಅದರ ಮೈಕಟ್ಟನ್ನೂ ವರ್ಣಿಸುತ್ತಾಳಲ್ಲ.

ಹತ್ತು ದಿನ ಕಾದೆ. ಹತ್ತನೆಯ ದಿನದ ಸಂಖ್ಯೆ ನಲವತ್ತೊಂದು. ಮರುದಿನ ಮೇಡಂ ಮುಂದೆ ಹಾಳೆಗಳನ್ನಿಟ್ಟು ಮಾತ್ರೆ ಹಾಕಿಲ್ಲದ ವಿಷಯ ಹೇಳಿದೆ. ಮೇಡಂ ಹಾಳೆಗಳನ್ನು ತಿರುವಿಹಾಕಿ ಕನ್ನಡಕ ತೆಗೆದಿಟ್ಟರು. ಸ್ಲೈಡ್ ನೋಡೋಣ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಾಕದೇ ಇದ್ದದ್ದು ಕಂಡಿದೆ ಎಂದ ಮೇಲೆ ನೋಡುವುದೇನು?

ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಿಗೆ ತಕ್ಕ ಪೊರೆ ಶುರುವಾಗಿದೆ ಎಂದು ಡಾಕ್ಟರು ಬರೆದರು. ಅಷ್ಟೇ ಸಾಕಾಯಿತು. ಒಂದು ಶುಕ್ರವಾರ ಹೂಗುಚ್ಛ ಕೊಟ್ಟು, ಕೈಮುಗಿದು ಮನೆಗೆ ಕಳಿಸಿದರು.

"ಮಾತ್ರೆ ಹಾಕಿರಲಿಲ್ವಂತೆ ನೀನು" ಎಂದಳು ಮನೆಯಲ್ಲಿ. "ಮರೆತೆಯಾ?"

"ಹೂಂ. ಮರೆತೆ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಬದುಕುವುದು ಕಷ್ಟವಾಯಿತು. ಲೋಟ ಎತ್ತುವ ಮೊದಲು ಅತ್ತೆ ಅದನ್ನು ಬೆರಳಿಂದ ಮುಟ್ಟಿ ನೋಡುವಳು. ಮೆಟ್ಟಿಲನ್ನು ಕಾಲಿಂದ ತಡವಿ ಇಳಿಯುವಳು. ಕಣ್ಣು ಕಾಣದೆ ಅಲ್ಲ, ಕಾಣುತ್ತಿತ್ತು. ಕಂಡದ್ದನ್ನು ನಂಬುತ್ತಿರಲಿಲ್ಲ. "ಗೋಡೆ ಮೇಲೆ ಬೆಕ್ಕು ಕೂತಿದೆಯಾ?" ಎಂದು ಕೇಳುವಳು. ಕೂತಿರುತ್ತಿತ್ತು. ಒಂದೆರಡು ಸಲ ನಾನು ನೋಡುವಷ್ಟರಲ್ಲಿ ಇರಲಿಲ್ಲ. ಹಾರಿಹೋಗಿತ್ತೋ ಏನೋ, ನನಗೆ ಹೇಳಲಾಗಲಿಲ್ಲ. ನಾನು ಕಚೇರಿಗೆ ಹೋದಾಗ ಪಕ್ಕದ ಮನೆಯಾಕೆ ಬಂದು ಅವಳ ಜೊತೆ ಕೂರುತ್ತಿದ್ದರು.

"ಆ ಕಾಡುಗಳೆಲ್ಲ?" ಎಂದು ಒಂದು ಬೆಳಿಗ್ಗೆ ಕೇಳಿದಳು. "ಮೂವತ್ತನಾಲ್ಕು ವರ್ಷದ್ದು. ಅವಾದ್ರೂ ಇದ್ವಾ, ಅವನ್ನೂ ನಾನೇ ಮಾಡ್ಕೊಂಡಿದ್ದಾ?"

"ಇದ್ವು ಅತ್ತೆ" ಎಂದೆ. ನನ್ನ ದನಿಯಲ್ಲಿ ಜೀವ ಇರಲಿಲ್ಲ.

ಒಂದೂವರೆ ತಿಂಗಳ ಮೇಲೆ ಮೇಡಂ ನನ್ನನ್ನೇ ಆ ಕುರ್ಚಿಗೆ ಹಾಕಿದರು. ಹಿಂದಿನ ಕೋಣೆಗೆ ಬೇರೆಯವರು ಬಂದರು. ಖಾಲಿ ಗಾಜು ಹೇಗಿರುತ್ತದೆಂದು ಮೊದಲು ಕಣ್ಣಿಗೆ ರೂಢಿಯಾಗಲಿ ಎಂದು ಮಾತ್ರೆ ಹಾಕದ ಆ ಹತ್ತು ಸ್ಲೈಡ್‌ಗಳನ್ನೇ ಕೊಟ್ಟರು. ನಾನೇ ಮಾಡಿದವಾದರೂ ಇದು ಲೆಕ್ಕಕ್ಕಲ್ಲ, ಬರೀ ಅಭ್ಯಾಸಕ್ಕೆ ಎಂದರು.

ಮೊದಲನೆಯದನ್ನು ಇಟ್ಟು ತಿರುಪು ತಿರುಗಿಸಿದೆ. ಮಸುಕು ಸರಿದು ಗೆರೆ ಮೂಡಿತು. ಒಂದು ಕಣ ನನ್ನತ್ತ ನೋಡುತ್ತಿತ್ತು. ಮೂರು ಮೂಲೆ, ಮೇಲೆ ಬಲೆಯಂಥ ಗೀರು. ನಮ್ಮ ಮಾತ್ರೆಯದೇ ಜಾತಿ. ಆದರೆ ಚಪ್ಪಟೆ, ಗಾಢ ಕಂದು. ಮೇಲೆ ಬಿದ್ದ ಕೆಸರಿನ ಭಾರಕ್ಕೆ ಕೋಟಿಗಟ್ಟಲೆ ವರ್ಷ ಅಪ್ಪಚ್ಚಿಯಾಗಿದ್ದ ಹಾಗೆ. ಮುಗಿಸಿದಾಗ ಐದು. ಎರಡನೆಯದರಲ್ಲಿ ಎಂಟು. ಮೂರನೆಯದರಲ್ಲಿ ಹನ್ನೆರಡು.

ಅವು ನೆಂಟರಲ್ಲ, ಮನೆಯವರು. ಎಲ್ಲ ಸತ್ತ ಮೇಲೆ ಬರಿಯ ಕಲ್ಲಿನ ಮೇಲೆ ಮೊದಲು ತೆವಳಿಕೊಂಡು ಬಂದವು. ಕಲ್ಲನ್ನು ಪುಡಿ ಮಾಡಿ ಮಣ್ಣು ಮಾಡುವಂಥವು, ಗಾಳಿಗೆ ತೇವ ಬಿಡುವಂಥವು, ಇನ್ನೊಂದು ಹವೆ ಕಟ್ಟಲು ಕೈಹಾಕಿದವು. ಅತ್ತೆ ಒಂದೊಂದನ್ನೂ ಸರಿಯಾಗಿ ಕಂಡಿದ್ದಳು. ನಾವು ಕಳಿಸುವವರ ಮುಖವೇ ಅವಕ್ಕಿದ್ದದ್ದರಿಂದ ನೆಂಟರ ಕಡೆ ಬರೆದಿದ್ದಳು, ಅಷ್ಟೇ. ಹಳೆಯ ಹಾಳೆ ತೆಗೆದು ನೋಡಿದೆ. ಮಾತ್ರೆ ನಿಲ್ಲಿಸುವ ಮೊದಲೇ ಇಪ್ಪತ್ತು ಇಪ್ಪತ್ತೆರಡಾಗಿತ್ತು, ಇಪ್ಪತ್ನಾಲ್ಕಾಗಿತ್ತು. ದಿನ ದಿನ ಏರಿದ್ದ ಸಂಖ್ಯೆ. ಇಲ್ಲದ್ದನ್ನು ಕಾಣುವ ಕಣ್ಣು ಹೀಗೆ ಕ್ರಮವಾಗಿ ಏರಿಸಿಕೊಂಡು ಹೋಗುತ್ತದೆಯೇ? ಅಷ್ಟು ನನ್ನ ಮಂಡೆಗೆ ಹೊಳೆದಿರಲಿಲ್ಲ.

ಮೇಡಂಗೂ ಹೇಳದೆ ಮಧ್ಯಾಹ್ನವೇ ಮನೆಗೆ ಓಡಿದೆ. ಅತ್ತೆ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಒಳಗೆ ಪಕ್ಕದ ಮನೆಯಾಕೆ ಪಾತ್ರೆ ತೊಳೆಯುತ್ತಿದ್ದರು. ಏದುಸಿರು ಬಿಡುತ್ತಲೇ ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ.

"ನೀನು ಕಂಡಿದ್ದೆಲ್ಲ ಇದ್ವು ಅತ್ತೆ. ನಾನೇ ನೋಡಿ ಬಂದೆ. ಮಾತ್ರೆ ಮರೆತಿರಲಿಲ್ಲ, ನಿನ್ನ ಕಣ್ಣು ಪರೀಕ್ಷೆ ಮಾಡೋಕೆ ಬೇಕಂತಲೇ ಬಿಟ್ಟಿದ್ದೆ. ನನ್ನದು ತಪ್ಪಾಯ್ತು."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತಿಳಿಯಾಗಿತ್ತು. ಈ ಹೊತ್ತಿನಲ್ಲಿ ನಾನು ಮನೆಗೆ ಬರುವವಳಲ್ಲ. ಇಷ್ಟು ದಿನ ಅವಳು ಕೇಳಿಸಿಕೊಳ್ಳಲು ಕಾದಿದ್ದ ಮಾತನ್ನೇ ಆಡುತ್ತ ನಿಂತಿದ್ದೇನೆ.

ಅವಳು ಅಡುಗೆಮನೆಯ ಕಡೆ ತಿರುಗಿ ಮೆಲ್ಲಗೆ ಕರೆದಳು.

"ಸ್ವಲ್ಪ ಇಲ್ಲಿ ಬನ್ನಿ. ಬಾಗಿಲಲ್ಲಿ ನಮ್ಮ ಹುಡುಗಿ ನಿಂತಿದಾಳಾ, ನೋಡಿ ಹೇಳಿ."