ಹನುಮಂತರಾಯನ ಬಲಗಡೆ ಹೂವು

ಕುಂದುರ್ಪಿ ಕಡೆಯ ಪೂಜಾರಿ ಗಿರಿಯಪ್ಪನ ಮುತ್ತಜ್ಜ ಊರಿಗೆ ಬಾವಿ ತೋಡಿಸಿದವನು. ತಾತ ಕುರಿ ಹಿಡಿಯಲು ಬಂದ ತೋಳವನ್ನು ಬರೀ ದೊಣ್ಣೆಯಲ್ಲಿ ಕಲ್ಯಾಣದುರ್ಗದವರೆಗೂ ಅಟ್ಟಿದವನು. ಗಿರಿಯಪ್ಪನ ಕೈಯಲ್ಲಿದ್ದದ್ದು ಹೂವು ಮಾತ್ರ.

ಊರಲ್ಲಿ ಏನೇ ಸಂಶಯ ಬಂದರೂ ಹನುಮಂತರಾಯನ ಎರಡು ಭುಜಕ್ಕೂ ಒಂದೊಂದು ಒದ್ದೆ ಹೂವು ಅಂಟಿಸಿ ಕೇಳುವುದು ವಾಡಿಕೆ. ಬಲಗಡೆಯದು ಮೊದಲು ಬಿದ್ದರೆ ದೇವರು ಹೂಂ ಅಂದಂತೆ. ಎಪ್ಪತ್ತೆರಡನೇ ಇಸವಿಯಲ್ಲಿ ಹದಿಮೂರರ ಹುಡುಗಿಯೊಬ್ಬಳನ್ನು ಮುದುಕನಿಗೆ ಕೊಡಲು ಹೊರಟಾಗ ಗಿರಿಯಪ್ಪ ಬಲಗಡೆ ಹೂವಿಗೆ ಬೀಳದ ಹಾಗೆ ಬೆಲ್ಲದ ಪಾಕ ಸವರಿದ. ಎಡಗಡೆಯದು ಬಿತ್ತು, ಹುಡುಗಿ ಉಳಿದಳು. ಒಳ್ಳೆಯದಕ್ಕೆ ತಾನೇ ಎಂದು ಮೀಸೆ ತಿರುವಿದ. ಆಮೇಲೆ ಪಾಕದ ಬಟ್ಟಲು ಒಣಗಲೇ ಇಲ್ಲ.

ಎಂಟು ವರ್ಷದ ಮೇಲೆ ಊರಿಗೆ ಶಾಲೆ ಮಂಜೂರಾಯಿತು. ಹೊಲ ಇದ್ದವರು ಯಾರೂ ಜಾಗ ಬಿಡಲಿಲ್ಲ. ಒಂಟಿ ಹೆಂಗಸು ನರಸಕ್ಕನ ಮನೆ ಕೆಡವಬಹುದೇ ಎಂದು ಕೇಳಿದಾಗ ಬಲಗಡೆ ಹೂವು ಟಪಕ್ಕನೆ ಬಿತ್ತು. ಜನ ಗಂಟೆ ಬಾರಿಸಿ ಹೊರಟರು. ನರಸಕ್ಕ ಮಾತ್ರ ಕದಲಲಿಲ್ಲ. ಎಡಗಡೆ ಹೂವಿನ ತನಕ ಇರುವೆ ಸಾಲು ಹತ್ತುತ್ತಿತ್ತು.

“ಸ್ವಾಮಿಗೆ ಸಕ್ಕರೆ ಕಾಯ್ಲೆ ಬಂದೈತೇನಣ್ಣಾ, ಹಿಂಗೆ ಇರುವೆ ಮುತ್ಕಂಡವೆ?” ಎಂದಳು.

ಗಿರಿಯಪ್ಪ ಹೆಗಲ ಮೇಲಿನ ಟವೆಲು ಎಳೆದುಕೊಂಡ.

“ಆ ಹುಡ್ಗೀನೂ ಹಿಂಗೇ ಉಳಿಸ್ದೆ ಅಲ್ವಾ? ತಪ್ಪಾಯ್ತು ಅಂದ್ಬುಡು. ಊರ ಮುಂದೆ ನಿನ್ನ ಪರ ನಾನೇ ನಿಂತ್ಕಂತೀನಿ.”

ಅವನು ಟವೆಲಿನಿಂದ ಇರುವೆ ಒರೆಸಿದ.

“ಬ್ಯಾಡ ಕಣಕ್ಕ. ನಲವತ್ತು ಮಕ್ಳು ಅಕ್ಷರ ಕಲೀತಾವೆ ಅಲ್ಲಿ. ನಿನ್ನ ಸಹಾಯ ನಂಗೆ ಬ್ಯಾಡ, ಸಾಮಾನು ಕಟ್ಕೋ ಹೋಗು. ಇಲ್ಲಾಂದ್ರೆ ನಾಳೆ ನೀನು ಮಾಟಗಾತೀನಾ ಅಂತ ಹೂವು ಕೇಳ್ತೀನಿ.”