ಕೋಲಾ ಬೀಜ ಒಡೆದ ಬೆಳಿಗ್ಗೆ

ಕರ್ತನಲ್ಲಿ ಪ್ರಿಯರೇ, ಕಳೆದ ರಂಜಾನ್ ತಿಂಗಳಲ್ಲಿ ನನ್ನ ಹೆಂಡತಿ ಸುನೀತಾ ಮೆದುಳು ಜ್ವರ ಬಂದು ದುಬೈಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ನಾನು ದಿನವೂ ನಾವಿರುವ ಸತ್ವಾದಿಂದ ಬಸ್ಸಿನಲ್ಲಿ ಹೋಗಿ, ಗಾಜಿನಾಚೆಯಿಂದ ಅವಳನ್ನು ನೋಡಿ ಬರುತ್ತಿದ್ದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯಿಗೆ ಮಾತೇ ಬರುತ್ತಿರಲಿಲ್ಲ.

ಹಲವರು ಕೋಣೆ ಹಂಚಿಕೊಂಡಿರುವ ನಮ್ಮ ವಿಲ್ಲಾದ ಪಕ್ಕದ ಕೋಣೆಯಲ್ಲಿ ನೈಜೀರಿಯಾದ ಎಮೆಕಾ ಇದ್ದಾನೆ. ಇಗ್ಬೊ ಜನಾಂಗದವನು, ನಮ್ಮ ಪ್ರಾರ್ಥನಾ ಕೂಟದಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲಿನವನು. ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಂದೆಯನ್ನು ನಾವೆಲ್ಲ ಪಾಪಾ ಎನ್ನುತ್ತಿದ್ದೆವು. ಪಾಪಾ ಬೆಳಿಗ್ಗೆ, ಅವರ ಊರಿನಲ್ಲಿ ಅಡಿಕೆಯಂತೆ ಜಗಿಯುವ ಕೋಲಾ ಬೀಜವನ್ನು ಅಂಗೈಯಲ್ಲಿಟ್ಟು ದೇವರನ್ನೂ ಗತಿಸಿದ ಹಿರಿಯರನ್ನೂ ಕರೆಯುತ್ತಿದ್ದರು. ಹಿರಿಯ ಹರಸಬೇಕು, ಕಿರಿಯ ಒಡೆದು ಹಂಚಬೇಕು, ಅದು ಅವರ ಕ್ರಮ. ಎಮೆಕಾ ಮುಟ್ಟುತ್ತಿರಲಿಲ್ಲ. ಅದು ವಿಗ್ರಹಾರಾಧನೆ ಎಂದು ಅವನ ವಾದ. ಬೀಜ ಹಾಗೇ ತಟ್ಟೆಗೆ ಮರಳುತ್ತಿತ್ತು.

ನನಗೆ ಕುತೂಹಲ ತಡೆಯಲಿಲ್ಲ. ಉಡುಪಿಯಲ್ಲಿ ನಮ್ಮ ಮುತ್ತಜ್ಜ ಮಿಷನ್ ಸಭೆ ಸೇರಿದಾಗ ಅವರ ಅಪ್ಪ ದೈವವನ್ನು ಬಿಡಲಿಲ್ಲವಂತೆ. ಆ ತಂದೆ ಮಗ ಏನು ಮಾತಾಡಿಕೊಂಡಿರಬಹುದೆಂದು ಚಿಕ್ಕಂದಿನಿಂದ ಯೋಚಿಸಿದ್ದೆ. ಮಗ ಕ್ರೈಸ್ತನಾದದ್ದಕ್ಕೆ ಬೇಜಾರಿದೆಯೇ ಎಂದು ಪಾಪಾರನ್ನು ಕೇಳಿಯೇಬಿಟ್ಟೆ. ಎಮೆಕಾ ಮುಖ ಗಂಟಿಕ್ಕಿಕೊಂಡೇ ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ: “ಲೆಕ್ಕ ಕಲಿಯಲಿ ಅಂತ ಮಿಷನ್ ಶಾಲೆಗೆ ನಾನೇ ಹಾಕಿದ್ದು. ದೇವರನ್ನೂ ಕಲಿತು ಬಂದ. ಅದಕ್ಕೆ ಬೇಜಾರಿಲ್ಲ. ಅಪ್ಪನ ಕೈಯಿಂದ ತೆಗೆದುಕೊಳ್ಳುವುದನ್ನು ಮರೆತನಲ್ಲ, ಅದೇ ಬೇಜಾರು.”

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು, ಸ್ಥಿತಿ ಚೆನ್ನಾಗಿಲ್ಲ, ಬೇಗ ಬನ್ನಿ ಎಂದು. ಅಡುಗೆಮನೆಯಲ್ಲಿ ಕೂತು ಶೂ ಹಾಕುತ್ತಿದ್ದೆ. ಪಾಪಾ ನನ್ನೆದುರು ನಿಂತು ಬೀಜ ಹಿಡಿದು ಶುರು ಮಾಡಿದರು.

“ಎಂತ ಹೇಳ್ತಿದ್ದಾರೆ? ಇಂಗ್ಲಿಷಲ್ಲಿ ಹೇಳ್ಬಹುದಲ್ಲ?” ಎಂದೆ.

“ಕೋಲಾಕ್ಕೆ ಇಂಗ್ಲಿಷ್ ಅರ್ಥ ಆಗುವುದಿಲ್ಲ ಬ್ರದರ್,” ಎಂದ ಎಮೆಕಾ. ಆಮೇಲೆ ಸಣ್ಣ ಸ್ವರದಲ್ಲಿ, “ಸಿಸ್ಟರ್ ಸುನೀತಾಳನ್ನು ಉಳಿಸು ಅಂತಿದ್ದಾರೆ,” ಎಂದ.

ಅದನ್ನು ಹೇಳಿದವನ ಕಣ್ಣು ತುಂಬಿತು. “ಇಸೆ” ಎಂದ, ಅದು ಅವರ ಆಮೆನ್. ತಂದೆಯ ಕೈಯಿಂದ ಬೀಜ ತೆಗೆದುಕೊಂಡು ಒಡೆದು, ಮೊದಲ ಚೂರು ಅವರಿಗೇ ಕೊಟ್ಟ. ನನಗೂ ಕೊಟ್ಟ. ಕಹಿ ಕಹಿ. ಅದನ್ನು ಜಗಿದು ನುಂಗಿ ಬಸ್ ಹತ್ತಿದವನಿಗೆ ದಾರಿಯುದ್ದಕ್ಕೂ ಪ್ರಾರ್ಥನೆಯ ಮಾತು ತಾನಾಗಿ ಬಂತು.

ನಾನು ತಲುಪುವಾಗ ಸುನೀತಾ ಕಣ್ಣು ಬಿಟ್ಟಿದ್ದಳು. ಬದಲಿಸಿದ ಔಷಧಿ ಹಿಡಿಯಿತು ಎಂದರು ಡಾಕ್ಟರು. ವಾರ್ಡಿಗೆ ಬಂದ ಮೇಲೆ, ದಿನವೂ ಕೋಲಾ ಜಗಿದು ಕೆಂಪಾಗಿದ್ದ ನನ್ನ ಹಲ್ಲು ನೋಡಿ, “ಎಂತ ಮಾರಾಯ್ರೆ, ನಾನಿಲ್ಲ ಅಂತ ಎಲೆಯಡಿಕೆ ಶುರು ಮಾಡಿದ್ರಾ?” ಎಂದಳು. ನಾನು ಅಲ್ಲೇ ಅತ್ತೆ.

ಕರ್ತನು ಯಾರ ಮೊರೆಯನ್ನು ಮೊದಲು ಕೇಳಿದನೋ ನನಗೆ ತಿಳಿಯದು, ತಿಳಿಯುವ ಆಸೆ ಮಾತ್ರ ಇದೆ. ನಾನು ಬೇಡಿದ್ದು ನನ್ನ ಮನೆಗಾಗಿ, ಆತನು ಪಕ್ಕದ ಕೋಣೆಯನ್ನೂ ನೋಡಿದನು. ಆತನಿಗೆ ಸ್ತೋತ್ರ. ನಮ್ಮ ಕೃತಜ್ಞತಾ ಕೂಟದಲ್ಲಿ ಎಮೆಕಾ ಪ್ರಾರ್ಥಿಸಿ ಮುಗಿಸಿದಾಗ, ಬಾಗಿಲ ಬಳಿ ಕೂತಿದ್ದ ಪಾಪಾ ಎಲ್ಲರಿಗಿಂತ ಮೊದಲು “ಇಸೆ” ಎಂದರು. ನಾವು ಆಮೆನ್ ಎಂದೆವು.