ಗಂಧಕದ ಹೊಗೆ ಕುಡಿದ ಅಣಬೆ

ನಿಡೋಣಿ ದಾರಿಯ ಜಾಲಿಮರದ ಬುಡದಲ್ಲಿ ಆ ಅಣಬೆಯನ್ನು ಮೊದಲು ಕಂಡವಳು ನಾನು. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ, ಯಾಕೆಂದರೆ ಅಚ್ಚಾದ ಕಡೆ ಹಾಗೆ ಬರೆದಿಲ್ಲ. ಅದರ ಟೊಪ್ಪಿಗೆ ನೇರಳೆ, ಕೆಳಗಿನ ಪದರಗಳು ಹಳದಿ. ಗೊತ್ತಿರುವ ಯಾವ ಜಾತಿಗೂ ಹೊಂದುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆಗ ವಿಜಯಪುರದಲ್ಲಿ ಸಂಶೋಧನೆಗೆ ಸೇರಿದ್ದೆ. ಹೊಸ ಜಾತಿಗೆ ಹೆಸರಿಡುವ ಬರಹದಲ್ಲಿ ನನ್ನ ಹೆಸರೂ ಬರುತ್ತದೆಂದು ಅಂದೇ ಮನೆಗೆ ಫೋನು ಮಾಡಿ ಹೇಳಿದ್ದೆ.

ಹೊಸ ಜಾತಿ ಅನ್ನಿಸಿಕೊಳ್ಳಲು ಡಿಎನ್ಎ ಒಂದೇ ಸಾಲದು. ಬಣ್ಣ, ಆಕಾರ, ಬೀಜಕಣ ನೋಡಲು ಒಣಗಿಸಿದ ಅಣಬೆಯೂ ಬೇಕು. ಕಿತ್ತು ತಂದ ಅಣಬೆಗಳಲ್ಲಿ ಒಂದರ ಚೂರನ್ನು ಡಿಎನ್ಎಗೆಂದು ಬಾಟಲಿಗೆ ಹಾಕಿಟ್ಟೆ. ಉಳಿದವನ್ನು ಒಣಗಿಸೋಣವೆಂದರೆ ಜಲನಗರದ ನನ್ನ ಬಾಡಿಗೆ ಕೋಣೆಗೆ ಬಿಸಿಲೇ ಬೀಳುವುದಿಲ್ಲ. ಅಪ್ಪ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ.

“ಕೊಡವಾ ಇಲ್ಲೆ, ಒಣಗಸೂದು ನನಗ ಹೇಳಿಕೊಡಬ್ಯಾಡ” ಎಂದು ತಾನೇ ಒಯ್ದ.

ಹೊಳ್ಳಿ ತಂದಾಗ ಡಬ್ಬಿಯ ತುಂಬ ಸುಣ್ಣದಂಥ ಬಿಳುಪು.

“ಕಪ್ಪಾಗಬಾರದಂತ ಗಂಧಕದ ಹೊಗಿ ಕೊಟ್ಟೇನಿ. ಹೆಂಗ ಹೊಳ್ಯಾಕತ್ತಾವ ನೋಡು!”

ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಶೆಡ್ಡಿನಲ್ಲಿ ಕೊಡುವ ಹೊಗೆ ಅದು. ನೇರಳೆ, ಹಳದಿ ಎರಡೂ ಹೋಗಿದ್ದವು. ಅಷ್ಟು ಜೋಪಾನ ಮಾಡಿ ತಂದವನ ಕೈಯಿಂದ ಡಬ್ಬಿ ಇಸಿದುಕೊಂಡೆ.

ನನ್ನ ಮಾರ್ಗದರ್ಶಕರು ಡಬ್ಬಿ ನೋಡಿ ಎಲ್ಲರೆದುರು ನಕ್ಕರು. “ನಿಮ್ಮಪ್ಪ ಇವನ್ನ ಪೇಟಿಗೆ ಕಳಸಾಂವ ಇದ್ದನೇನವಾ? ಗೋಡಂಬಿ ಜೋಡಿ ಮಾರಬಹುದು ನೋಡು.”

ಬಾಟಲಿಯ ಚೂರು ಮಾತ್ರ ಕೈಕೊಡಲಿಲ್ಲ. ಡಿಎನ್ಎ ಹೋಲಿಸಿದಾಗ ಅದು ಬೇರೆಯೇ ಜಾತಿ ಎಂದು ಬಂತು. ಅವರ ನಗು ನಿಂತಿತು. “ಜಾಗ ಎಲ್ಲಿ, ಸರಿಯಾಗಿ ಹೇಳು. ಮುಂದಿನ ಮಳಿಗಾಲಕ್ಕ ಕೂಡೇ ಹೋಗಿ ಹೊಸಾವು ತರೂಣು.” ಬಬಲೇಶ್ವರ ದಾಟಿ ಎಲ್ಲಿ ಇಳಿಯಬೇಕು, ಯಾವ ಬದುವಿನ ಮೇಲೆ ನಡೆಯಬೇಕು, ಎಲ್ಲ ಹೇಳಿದೆ.

ಮಳೆ ಬಂತು. ನನ್ನನ್ನು ಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿ, ಅವರು ಇನ್ನೊಬ್ಬ ವಿದ್ಯಾರ್ಥಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ನನಗೆ ಗೊತ್ತಾಗಿದ್ದು ಬರಹ ಅಚ್ಚಾದ ಮೇಲೆ. ಹೆಸರು ಅವರಿಬ್ಬರದು, ಒಣಗಿದ ಅಣಬೆ ಅವರದು, ಡಿಎನ್ಎ ನನ್ನ ಬಾಟಲಿಯದು. ಕೊನೆಯ ಕೃತಜ್ಞತೆಯಲ್ಲಿ ‘ಸ್ಥಳೀಯ ವಿದ್ಯಾರ್ಥಿನಿ’ ಎಂದಿತ್ತು.

ಹೋಗಿ ಕೇಳಿದೆ. “ನಿನ್ನ ಸ್ಯಾಂಪಲ್ ಕೆಟ್ಟಿತ್ತಲ್ಲವಾ. ಹೊಗಿ ಕೊಟ್ಟದ್ದು ನಾವೇನು?” ಎಂದರು.

ನನ್ನ ಹೆಸರಿಲ್ಲ, ಹೊಸ ಅಣಬೆ ತಂದವರದಿದೆ ಎಂದು ಹೇಳಿ ಅಪ್ಪನಿಗೆ ಬರಹದಲ್ಲಿದ್ದ ಚಿತ್ರ ತೋರಿಸಿದೆ. ಓದಲು ಬಾರದವನು ನೇರಳೆ ಟೊಪ್ಪಿಗೆಯನ್ನೇ ನೋಡುತ್ತ ಕುಳಿತ.

“ನಾ ಹೊಗಿ ಕೊಡದಿದ್ದರ ನಿನ್ನ ಹೆಸರು ಬರತಿತ್ತೇನ?”

“ಇಲ್ಲಪ್ಪಾ. ಆಗೂ ಅವರದ ಬರತಿತ್ತು.”

ನಂಬಿದನೋ ಇಲ್ಲವೋ, ಚಹಾ ಮುಗಿಸಿ ಶೆಡ್ಡಿಗೆ ಎದ್ದುಹೋದ. ಬಿಳಿ ಅಣಬೆಗಳ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಮಾತ್ರ ಯಾರೂ ಕೇಳಲಿಲ್ಲ.